ಆಚೆ ದಡದ ಅಜ್ಜಿ

ಎದುರುಮನೆ ಅಜ್ಜಿಯ ಎಡಗಿವಿಗೆ ಮೇಲಂಚು ಇರಲಿಲ್ಲ. ರಷ್ಯಾದ ಚಳಿ ಅದನ್ನು ತಿಂದಿತ್ತು. ಬಹ್ರೇನಿನ ಸುಡುಬಿಸಿಲಿಗೆ ಬಂದ ಮೇಲೂ ಅವರು ಆ ಕಿವಿಯನ್ನು ಆಗಾಗ ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಬುಸೈತೀನಿನ ನಮ್ಮ ಕಟ್ಟಡದಲ್ಲಿ ಮಗಳು, ಮೊಮ್ಮಗಳ ಜೊತೆ ಇದ್ದರು. ಮೊಮ್ಮಗಳಿಂದ ಕಲಿತ ನಾಲ್ಕು ಮಾತಿನ ಇಂಗ್ಲಿಷಿನಲ್ಲೇ ಎಂಥ ಜಗಳವನ್ನೂ ಗೆಲ್ಲುತ್ತಿದ್ದರು.

ಆಗ ನಾನು ಫ್ಲ್ಯಾಟಿನಲ್ಲಿ ಒಬ್ಬಳೇ. ಅದ್ಲಿಯಾದ ಸಿಗ್ನಲ್ ಬಳಿ ನನ್ನ ಕಾರು ತಾಗಿ ಸೈಕಲ್ಲಿನವನೊಬ್ಬನ ಕಾಲು ಮುರಿದಿತ್ತು. ಕೇಸು ಮುಗಿಯುವ ತನಕ ದೇಶ ಬಿಡುವಂತಿಲ್ಲ ಎಂದು ಕೋರ್ಟು ಹೇಳಿತು. ನಾವು ಗಂಟುಮೂಟೆ ಕಟ್ಟಿ ಶಾಶ್ವತವಾಗಿ ಊರಿಗೆ ಹೊರಟಿದ್ದ ಹೊತ್ತದು. ನಮ್ಮವರ ವೀಸಾ ಮುಗಿದಿತ್ತು. ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಅವರು ಉಡುಪಿಗೆ ಹೋದರು. ನಾನು ಆಫೀಸಿಗೆ ಕೊಟ್ಟಿದ್ದ ರಾಜೀನಾಮೆಯನ್ನು ಹಿಂದಕ್ಕೆ ಪಡೆದು ಉಳಿದೆ. ವಿಮಾನ ನಿಲ್ದಾಣ ಹತ್ತಿರವೇ. ಒಂದೊಂದು ವಿಮಾನ ಏರಿದಾಗಲೂ ಕಿಟಕಿಯ ಗಾಜು ನಡುಗುತ್ತಿತ್ತು, ನನಗೆ ಹೊಟ್ಟೆ ಉರಿಯುತ್ತಿತ್ತು. ಫೋನಿನಲ್ಲಿ ಮಗಳದ್ದು ಒಂದೇ ಪ್ರಶ್ನೆ: "ಅಮ್ಮ, ನೀನು ಎಂತಕ್ಕೆ ಬರುದಿಲ್ಲ?"

ಸಂಜೆ ನಾನು ಬರುವಷ್ಟರಲ್ಲಿ ಅಜ್ಜಿ ಬಾಗಿಲಲ್ಲಿ. ಹೇಗಿದ್ದೀ ಎಂದು ಕೇಳುವವರೇ ಅಲ್ಲ. ನೇರ ಅಡುಗೆಮನೆಗೆ ನುಗ್ಗಿ, ಮೇಜಿನ ಮೇಲೆ ನನ್ನ ಡಬ್ಬಿಗಳನ್ನು ಜೋಡಿಸಿ ತಮ್ಮ ತಾಲೂಕು ಕಟ್ಟುತ್ತಿದ್ದರು. ಅಡ್ಡಲಾಗಿ ಹಾಸಿದ ಒರೆಸುವ ಬಟ್ಟೆ ನದಿ. ಉಪ್ಪಿನ ಭರಣಿ ತಾಲೂಕು ಕಚೇರಿ. ಆಸ್ಪತ್ರೆ, ಬೇಕರಿ ಎಲ್ಲ ಅದರ ಪಕ್ಕ, ಈಚೆ ದಡದಲ್ಲಿ. ಆಚೆ ದಡದಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಅಂದರೆ ಮೂರು ಪಂಚಾಯಿತಿ. ಅವುಗಳಾಚೆ ಬರೀ ಕಾಡು, ಜೌಗು. ಒಗ್ಗರಣೆಗೆಂದು ಸಾಸಿವೆ ಡಬ್ಬಿಗೆ ಕೈ ಹಾಕಿದರೆ "ಇಡು! ಅಲ್ಲಿ ಜನ ಇದ್ದಾರೆ" ಎಂದು ಗದರಿಸುತ್ತಿದ್ದರು. ನಿಜವಾದ ತಾಲೂಕು ಈಗಿಲ್ಲ. ಪಕ್ಕದ ತಾಲೂಕಿಗೆ ಸೇರಿಸಿ ಕಚೇರಿಗೆ ಬೀಗ ಜಡಿದಿದ್ದರು. ಆ ಕಚೇರಿಯಲ್ಲೇ ಆಯುಷ್ಯ ಸವೆಸಿದ ಅಜ್ಜಿ ಮಾತ್ರ ನನ್ನ ಅಡುಗೆಮನೆಯಲ್ಲಿ ಆಡಳಿತ ನಡೆಸುತ್ತಲೇ ಇದ್ದರು.

ಆ ನದಿಗೆ ಸೇತುವೆ ಇಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆಯೇ ಲಾರಿ ಓಡುತ್ತದೆ, ಬೇಸಿಗೆಯಲ್ಲಿ ದೋಣಿ. ನಡುವೆ ಮಂಜುಗಡ್ಡೆ ಒಡೆಯುವ ವಾರಗಳಲ್ಲಿ ಎರಡೂ ಇಲ್ಲ; ಆಚೆ ದಡದವರು ಸಿಕ್ಕಿಬೀಳುತ್ತಾರೆ. ಅವರಿಗೆ ಹಿಟ್ಟು, ಔಷಧಿ ಮೊದಲೇ ಹೋಗುತ್ತಿತ್ತು. ಜೊತೆಗೆ ಕಚೇರಿಯ ಒಬ್ಬರು ಮಂಜುಗಡ್ಡೆ ಒಡೆಯುವ ಮುಂಚೆ ದಾಟಿ ಹೋಗಿ, ದೋಣಿ ಶುರುವಾಗುವ ತನಕ ಅಲ್ಲೇ ಇರಬೇಕು. ಅದು ಆ ಕಚೇರಿಯ ಪದ್ಧತಿ. ವರ್ಷವರ್ಷವೂ ಹೋಗುತ್ತಿದ್ದವರು ಅಜ್ಜಿ.

"ಅಲ್ಲಿ ಹೋಗಿ ಎಂತ ಮಾಡ್ತಿದ್ರಿ?" ಎಂದು ಕೇಳಿದೆ.

"ಏನೂ ಇಲ್ಲ. ಚಹಾ ಕುಡಿಯುತ್ತಿದ್ದೆ. ಇಸ್ಪೀಟು ಆಡುತ್ತಿದ್ದೆ. ಕಚೇರಿಯೂ ತಮ್ಮ ಜೊತೆ ಸಿಕ್ಕಿಬಿದ್ದಿದೆ ಅಂತ ಗೊತ್ತಾದರೆ ಜನ ಹೆದರುವುದಿಲ್ಲ."

ತಾಲೂಕು ಹೋದ ಮೇಲೆ ಯಾರನ್ನೂ ಕಳಿಸುವವರಿಲ್ಲ. ಅಜ್ಜಿಯೇ ತಾವಾಗಿ ಹೋಗುತ್ತಿದ್ದರು. ಅವರು ಹುಟ್ಟಿದ ಮನೆಯೂ ಜೀರಿಗೆ ಡಬ್ಬಿಯಲ್ಲಿತ್ತು. ಹಾಗಾಗಿ ಮಾರ್ಚ್ ಬಂತೆಂದರೆ ಬಹ್ರೇನ್ ಬಿಡಲೇಬೇಕು.

ಅವರು ಹೊರಡುವ ದಿನ ಬೆಳಿಗ್ಗೆಯೇ ನನ್ನ ಕೇಸು ಮತ್ತೆ ಮುಂದಕ್ಕೆ ಹೋದ ಸುದ್ದಿ ಬಂತು. ಮೆಟ್ಟಿಲ ಮೇಲೆ ಕೂತು ಅತ್ತು, ಮುಖ ತೊಳೆದುಕೊಂಡು, ಅಜ್ಜಿಯನ್ನು ಬೀಳ್ಕೊಡಲು ಹೋದೆ. ಪ್ರಯಾಣಕ್ಕೆ ಮುಂಚೆ ಎಲ್ಲರೂ ಒಂದು ಗಳಿಗೆ ಮಾತಿಲ್ಲದೆ ಕೂರುವುದು ಅವರ ಕಡೆಯ ರೂಢಿ. ಅವರ ಮಗಳು, ಮೊಮ್ಮಗಳು, ನಾನು ಕೂತೆವು. ಅಜ್ಜಿ ಸೂಟ್‌ಕೇಸಿನ ಮೇಲೆ ಕೂತು ನನ್ನ ಮುಖವನ್ನೇ ನೋಡಿದರು. ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಮಗಳು ಎದ್ದಳು, ಅಜ್ಜಿ ಏಳಲಿಲ್ಲ. ಮಗಳು ತಮ್ಮ ಭಾಷೆಯಲ್ಲಿ ರೇಗಿದಳು. ಅಜ್ಜಿ ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು:

"ಈ ವರ್ಷ ಆಚೆ ದಡ ಇಲ್ಲೇ ಇದೆ."

ಅಲ್ಲಿಂದ ಕೇಸು ಮುಗಿಯುವ ತನಕ ದಿನಾ ಸಂಜೆ ಚಹಾ, ಇಸ್ಪೀಟು. ನನ್ನ ಸಂಕಟ ಕಡಿಮೆಯಾಯಿತು ಎಂದರೆ ಸುಳ್ಳು. ಗೋಡೆಗಳು ಅಲ್ಲೇ ಇದ್ದವು, ವಿಮಾನಗಳು ಏರುತ್ತಲೇ ಇದ್ದವು. ಆದರೆ ಅವನ್ನು ಹತ್ತಬಹುದಾಗಿದ್ದ ಒಬ್ಬರು ಹತ್ತದೆ ನನ್ನೆದುರು ಕೂತು, ನಾಚಿಕೆಯಿಲ್ಲದೆ ಎಲೆ ಕದ್ದು ಆಡುತ್ತಿದ್ದರು. ನನಗೆ ಹುಚ್ಚು ಹಿಡಿಯದೆ ಇದ್ದದ್ದು ಅದರಿಂದ. ನಾನು ಊರಿಗೆ ಹೊರಟ ದಿನವೂ ಎಲ್ಲರೂ ಕೂತೆವು. ಅವತ್ತು ಮೊದಲು ಎದ್ದವರು ಅಜ್ಜಿ. ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

ಮರುವರ್ಷ ಅವರು ಸಮಯಕ್ಕೆ ಸರಿಯಾಗಿ ನದಿ ದಾಟಿದರು. ಮಂಜುಗಡ್ಡೆ ಒಡೆದ ವಾರವೇ ಆಚೆ ದಡದಲ್ಲಿ ತೀರಿಕೊಂಡರು. ಸುದ್ದಿ ಕೇಳಿ ಬಹ್ರೇನಿನಿಂದ ಓಡಿದ ಅವರ ಮಗಳು ಈಚೆ ದಡದಿಂದ ನನಗೆ ಫೋನು ಮಾಡಿದಳು.

"ಅಲ್ಲಿ ಅಮ್ಮನನ್ನು ಮಣ್ಣು ಮಾಡುತ್ತಿದ್ದಾರೆ. ನಾನು ಇಲ್ಲಿ ನಿಂತಿದ್ದೇನೆ. ದಾಟಲು ಆಗುತ್ತಿಲ್ಲ," ಎಂದಳು. ಫೋನು ಇಡಲಿಲ್ಲ; ಆಚೆಯಿಂದ ಗಾಳಿಯ ಸದ್ದು ಕೇಳುತ್ತಿತ್ತು.

ಆ ಹೊತ್ತಿಗೆ ಉಡುಪಿಯಲ್ಲಿ ನಾವು ಮಂಗಳೂರಿನ ಒಂದು ಮದುವೆಗೆ ಹೊರಟಿದ್ದೆವು. ನನ್ನ ಮಗಳು ಹೊಸ ಲಂಗ ಉಟ್ಟು ಬಾಗಿಲಲ್ಲಿ ಕುಣಿಯುತ್ತಿದ್ದಳು. ಹೊರಗೆ ಕಾರಿನವನು ಹಾರ್ನ್ ಹೊಡೆದ.

"ಹೊತ್ತಾಯ್ತಲ್ಲ ಮಾರಾಯ್ತಿ, ಏಳು," ಎಂದರು ನಮ್ಮವರು.

"ನೀವು ಹೋಗಿ ಬನ್ನಿ," ಎಂದು ಫೋನನ್ನು ಕಿವಿಗೊತ್ತಿಕೊಂಡೆ. ನಾನು ಏಳಲಿಲ್ಲ.