ಭಾವನ ಪಾಲಿನ ಅಂಬಲಿ

ರಿಟೈರಾದ ಮೇಲೆ ನನ್ನ ಮನಸ್ಸಿಗೆ ಮಂಕು ಕವಿದು, ಯಾರೊಂದಿಗೂ, ಕೊನೆಗೆ ಹೆಂಡತಿಯೊಂದಿಗೂ ಮಾತೇ ಬೇಡವಾಗಿದೆ. ಮೊನ್ನೆ ಚಿತ್ರದುರ್ಗದ ಡಾಕ್ಟರು ಮಾತ್ರೆಗಳ ಜೊತೆಗೆ ಒಂದು ಪುಡಿಯನ್ನೂ ಬರೆದುಕೊಟ್ಟರು. "ಇದು ಪ್ರೊಬಯಾಟಿಕ್. ಒಳಗೆ ಜೀವಂತ ಬ್ಯಾಕ್ಟೀರಿಯಾ ಅವೆ. ಹೊಟ್ಟೆಗೆ ಒಳ್ಳೇದು. ಮನಸ್ಸಿಗೂ ಆಗಬಹುದು ಅಂತಾರೆ, ಗ್ಯಾರಂಟಿ ಇಲ್ಲ. ಮಾತ್ರೆ ಮಾತ್ರ ಬಿಡಬೇಡ್ರಿ" ಎಂದರು. ಮನೆಗೆ ಬಂದು ಪೊಟ್ಟಣ ಹರಿದೆ. ಸಣ್ಣಗೆ ಹುಳಿ ವಾಸನೆ. ಅದು ನನ್ನನ್ನು ಸೀದಾ ಬಾಗೂರಿನ ಅಕ್ಕನ ಮನೆಗೆ ಕೊಂಡೊಯ್ದಿತು.

ಎಷ್ಟೋ ವರ್ಷಗಳ ಹಿಂದಿನ ಮಾತು. ಭಾವ ಆಗ ಅಲ್ಲಿ ಮೇಷ್ಟರು. ಹೆಡ್ಮಾಸ್ಟರ್ ಹುದ್ದೆ ತಮಗಿಂತ ಕಿರಿಯರ ಪಾಲಾದದ್ದೇ ತಡ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಊಟ ಬಿಟ್ಟರು, ಮಾತು ಬಿಟ್ಟರು. ಹೊಸದುರ್ಗದ ಡಾಕ್ಟರು ಔಷಧಿ ಕೊಟ್ಟು, ಒಬ್ಬರನ್ನೇ ಬಿಡಬೇಡಿ ಎಂದಿದ್ದರು. ಹೆದರಿದ ಅಕ್ಕ ನನ್ನನ್ನು ಕರೆಸಿಕೊಂಡಳು. ಭಾವನನ್ನು ನಗಿಸುವುದು ನನ್ನ ಕೆಲಸ. ನನ್ನ ಹಾಸ್ಯಕ್ಕೆ ನಾನೊಬ್ಬನೇ ನಕ್ಕೆ.

ಪಕ್ಕದ ಮನೆಯ ಕರಿಯಮ್ಮ ಕುರಿ ಸಾಕುವ ಹೆಂಗಸು. ದಿನಾ ಬೆಳಿಗ್ಗೆ ಒಂದು ಚೊಂಬು ಹುಳಿ ಬಂದ ರಾಗಿ ಅಂಬಲಿ ತಂದು, "ಮೇಷ್ಟ್ರೇ, ಕುಡೀರಿ. ಹೊಟ್ಟೆ ತಣ್ಣಗಿದ್ರೆ ತಲೆ ತಾನೇ ತಣ್ಣಗಾಗ್ತೈತೆ" ಎಂದು ಬಾಗಿಲಲ್ಲೇ ಕೂಗುತ್ತಿದ್ದಳು. ಖಾಲಿ ಚೊಂಬು ಕೈಗೆ ಬರುವವರೆಗೆ ಜಗಲಿ ಬಿಡುತ್ತಿರಲಿಲ್ಲ. ಭಾವ ಅದನ್ನು ಮುಟ್ಟುತ್ತಿರಲಿಲ್ಲ. ಆಕೆಯ ಬೈಗುಳಕ್ಕೆ ಹೆದರಿ ನಾನೇ ಒಳಗೆ ಮೂಗು ಹಿಡಿದು ಕುಡಿದುಬಿಡುತ್ತಿದ್ದೆ. ನಾಲ್ಕನೇ ದಿನ ಮೂಗು ಬಿಟ್ಟೆ. ಎರಡನೇ ವಾರ ಚೊಂಬಿನ ದಾರಿ ಕಾಯತೊಡಗಿದೆ. ನಿಮ್ಮಲ್ಲಿ ಮುಚ್ಚಿಡುವುದೇನು, ಷರಟಿನ ಗುಂಡಿ ಹಾಕಲಾಗದಷ್ಟು ಮೈ ತುಂಬಿಕೊಂಡೆ.

ಒಂದು ದಿನ ಕರಿಯಮ್ಮ ಒಳಗೇ ಬಂದು ನನ್ನನ್ನು ದಿಟ್ಟಿಸಿದಳು. "ಏನಪ್ಪ, ಕುಡಿಯೋರು ಮೇಷ್ಟ್ರು, ಕೆನ್ನೆ ಊದಿರೋದು ನಿಂದಾ?"

ನಾನು ತೊದಲಿದೆ. ಭಾವನ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾರೆಂದು ಅಕ್ಕ ಓಡಿ ಬಂದಳು. ಭಾವ ಇತ್ತ ತಿರುಗಿದರು. ನಗುತ್ತಿದ್ದರು!

"ಕರಿಯಮ್ಮ, ಒಂದು ತೊಟ್ಟೂ ಉಳಿಸ್ಲಿಲ್ಲ ಕಣಮ್ಮ ಇವ್ನು."

ಅಕ್ಕ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಕರಿಯಮ್ಮ ನನ್ನನ್ನು ಹೊರಗಟ್ಟಿ, ಇನ್ನೊಂದು ಚೊಂಬು ತಂದು, ಭಾವ ಕುಡಿದು ಮುಗಿಸುವ ತನಕ ಎದುರಿಗೇ ಕುಳಿತಳು. ಪೂರ್ತಿ ಗುಣವಾಗಲು ವರ್ಷ ಹಿಡಿಯಿತು, ಔಷಧಿಯೂ ನಡೆದಿತ್ತು. ವಾಸಿ ಮಾಡಿದ್ದು ಔಷಧಿಯೋ, ಅಂಬಲಿಯೋ, ನನ್ನ ಕಳ್ಳತನವೋ ಎಂಬುದು ನಮ್ಮ ಮನೆಯಲ್ಲಿ ಇಂದಿಗೂ ತೀರ್ಮಾನವಾಗಿಲ್ಲ.

ನಿಮಗೆ ಇದನ್ನೆಲ್ಲ ಹೇಳುತ್ತಾ ಮಧ್ಯಾಹ್ನವಾಗಿಬಿಟ್ಟಿತು. "ಏನೇ, ಊಟಕ್ಕೇನೈತೆ?" ಎಂದು ಒಳಗೆ ಕೂಗಿದೆ. ಹೆಂಡತಿ ಸೌಟು ಹಿಡಿದೇ ಓಡಿ ಬಂದು, ಮನೆಗೆ ಯಾರೋ ನೆಂಟರು ಬಂದರೇನೋ ಎಂಬಂತೆ ಸುತ್ತ ನೋಡಿದಳು.