ಪಡಸಾಲೆಯ ಹಡಗುಗಳು

ನಮ್ಮಪ್ಪ ಸಮುದ್ರ ಕಂಡವನಲ್ಲ. ಆದರೂ ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಟೀವಿಗಿಂತ ದೊಡ್ಡ ಜಾಗ ಹಿಡಿದುಕೊಂಡು, ಅವನು ಬರೆದ ಹಡಗುಗಳು ನಿಂತಿವೆ. ಹಳೇ ಕಾಲದ ವ್ಯಾಪಾರದ ಹಡಗುಗಳು. ಯಾವುದೋ ಪರದೇಶದ ಹೊಳೆ, ದಂಡೆಯಲ್ಲಿ ಹಡಗು ಕಟ್ಟುವ ಅಂಗಳ, ಅಲ್ಲಿ ಇನ್ನೂ ಪಕ್ಕೆಲುಬು ಕಾಣುವ ಅರೆಬರೆ ಹಡಗೊಂದು, ನೀರಲ್ಲಿ ಸರಕಿಗಾಗಿ ಕಾಯುತ್ತಿರುವ ಎರಡು. ಅಪ್ಪ ಅದಿರು ಲಾರಿಗಳಿಗೆ ಬಣ್ಣ ಬಳಿಯುವ ಪೇಂಟರ್ ಆಗಿದ್ದ. ಯಶವಂತನಗರದ ಲಾರಿ ಮಾಲೀಕರೊಬ್ಬರು ಕೊಟ್ಟ ಕ್ಯಾಲೆಂಡರ್ ಚಿತ್ರವನ್ನು ನೋಡಿ, ಕೆಲಸದಲ್ಲಿ ಮಿಕ್ಕ ಬಣ್ಣಗಳಿಂದಲೇ ಪ್ಲೈವುಡ್ ಮೇಲೆ ಇಳಿಸಿದ್ದ. ಹಾಗಾಗಿ ನಮ್ಮ ಹಡಗುಗಳ ಮೈಯೆಲ್ಲ ಲಾರಿ ಕ್ಯಾಬಿನ್ನಿನ ಕಿತ್ತಳೆ ಬಣ್ಣ. ಬಂದವರು ನಕ್ಕರೆ ಅವನಿಗೆ ಸಿಟ್ಟು ಬರುತ್ತಿತ್ತು.

ಲಾರಿಯ ತುಕ್ಕು ಕೆರೆಯುವಾಗ ಚೂರು ಸಿಡಿದು ಅವನ ಬಲಗಣ್ಣು ಎಂದೋ ಹೋಗಿತ್ತು. ವಯಸ್ಸಾದ ಮೇಲೆ ಎಡಗಣ್ಣಿಗೆ ಪೊರೆ ಬಂತು. ಆಪರೇಷನ್ ಅಂದರೆ ಸಾಕು, ಮುಖ ತಿರುಗಿಸುತ್ತಿದ್ದ.

"ಇರೋದು ಒಂದ ಕಣ್ಣು. ಅದೂ ಹೋದ್ರ ಏನ್ ಮಾಡ್ಲಿ? ಮಬ್ಬಾದ್ರೂ ಕಾಣಸ್ತೈತಿ, ನನ್ನ ಪಾಡಿಗೆ ಬಿಡು."

ಬಿಟ್ಟೆ. ಬಚ್ಚಲಿಗೆ ಹೋಗಲೂ ಗೋಡೆ ಸವರುವಂತಾದಾಗ ಮಾತ್ರ ನನ್ನ ತಾಳ್ಮೆ ಕೆಟ್ಟಿತು. ಮೊದಲೇ ನನಗೆ ತಾಳ್ಮೆ ಕಡಿಮೆ. ಬ್ಯಾಡ ಬ್ಯಾಡ ಅಂದರೂ ಕೇಳದೆ ಜಗಳವಾಡಿ ಆಸ್ಪತ್ರೆಗೆ ಕರೆದೊಯ್ದೆ. ಹೆಚ್ಚುಕಡಿಮೆಯಾದರೆ ಎಲ್ಲ ನನ್ನ ತಲೆಯ ಮೇಲೇ. ಆಟೋದಲ್ಲಿ ಅವನು ನನ್ನ ಕೈ ಬಿಡಲಿಲ್ಲ.

ಆಪರೇಷನ್ ಆದ ಮೇಲೆ ಪಟ್ಟಿ ಬಿಚ್ಚಿದ ಡಾಕ್ಟರು ಕಣ್ಣ ಮುಂದೆ ಕೈ ಹಿಡಿದು, "ಎಷ್ಟು ಬೆರಳು ಅದಾವ ಹೇಳ್ರಿ," ಎಂದರು.

"ಬೆಳಕು ಕಾಣಸ್ತೈತ್ರಿ. ಬೆರಳು ಕಾಣಂಗಿಲ್ಲ," ಎಂದ ಅಪ್ಪ.

ಊತ ಇಳಿಯಬೇಕು, ಕೆಲವರಿಗೆ ತಡವಾಗುತ್ತದೆ, ಗಾಬರಿ ಬೇಡ ಎಂದರು ಅವರು. ಬೇಡ ಅಂದರೆ ಗಾಬರಿ ಹೋಗುತ್ತದೆಯೇ? ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕುತ್ತಿದ್ದೆ. ಕಾಣುತ್ತದೆಯೇ ಎಂದು ಕೇಳಲು ಮಾತ್ರ ಧೈರ್ಯ ಸಾಲುತ್ತಿರಲಿಲ್ಲ. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಇದ್ದ ಮಬ್ಬನ್ನೂ ನಾನೇ ಕಿತ್ತುಕೊಂಡೆನೇನೋ ಅನ್ನಿಸಿ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮಾಡುತ್ತಿದ್ದಾಗ ಅವನು ಕರೆದ. ಹೋಗಿ ನೋಡಿದರೆ ಕನ್ನಡಕ ತೆಗೆದು, ಚಿತ್ರದ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ.

"ಇಲ್ಲಿ ನೋಡು. ಬಾವುಟ ಎಡಕ್ಕ ಹಾರತಾವು, ಹೊಗಿ ಬಲಕ್ಕ ಹೊಂಟೈತಿ. ಒಂದ ಹೊಳಿ ಮ್ಯಾಲೆ ಎರಡ ಗಾಳಿ ಹೆಂಗ ಬೀಸ್ತಾವು?"

ಹೊಗೆ ಬರುತ್ತಿದ್ದುದು ದಂಡೆಯ ಮೇಲಿದ್ದ ಡಾಂಬರಿನ ಕಡಾಯಿಯಿಂದ. ಅದು ಕ್ಯಾಲೆಂಡರಿನಲ್ಲಿ ಇರಲಿಲ್ಲ. ಕಂಪ್ಲಿಯ ಹೊಳೆದಂಡೆಯಲ್ಲಿ ಹರಿಗೋಲಿಗೆ ಡಾಂಬರು ಬಳಿಯುವುದನ್ನು ನೋಡಿದ್ದ ಅಪ್ಪ, ಡಾಂಬರಿಲ್ಲದೆ ಹಡಗು ತೇಲುವುದು ಹೇಗೆಂದು ತಾನೇ ಅದನ್ನು ಸೇರಿಸಿದ್ದ. ಬಾವುಟಗಳಿಗೆ ಪರದೇಶದ ಗಾಳಿ, ಹೊಗೆಗೆ ಕಂಪ್ಲಿಯ ಗಾಳಿ. ಇಷ್ಟು ವರ್ಷ ಆ ಗೋಡೆಯ ಕೆಳಗೇ ಉಂಡು ಮಲಗಿದ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಆ ಬಾವುಟಗಳೋ, ನನ್ನ ಕಿರುಬೆರಳಿನ ಉಗುರಿನಷ್ಟಿವೆ.

"ಅಪ್ಪಾ, ಬಾವುಟ ಕಾಣಸ್ತಾವೇನು?"

"ಕಾಣಸ್ದೇ ಏನು? ಯಾರೂ ನನಗ ಒಂದ ಮಾತು ಹೇಳ್ಲಿಲ್ಲಲ್ಲ ಇಷ್ಟ ದಿನ. ಬ್ರಷ್ ಎಲ್ಲಿಟ್ಟೀ?"

ಬೈಯುತ್ತಲೇ ಇದ್ದ. ಆ ಬೈಗುಳಕ್ಕೆ ನನ್ನ ಎದೆ ಹಗುರವಾಯಿತು. ಇನ್ನಷ್ಟು ಬೈಯಲಿ ಅನ್ನಿಸಿತು. ಅಷ್ಟರಲ್ಲಿ ಅವನು ಬ್ರಷ್ಷಿಗಾಗಿ ನನ್ನ ಕಡೆ ತಿರುಗಿದ. ಹತ್ತಿರ ಬಂದು, ನನ್ನ ಕಿವಿಯ ಮೇಲಿನ ಕೂದಲನ್ನು ಬೆರಳಿಂದ ಸರಿಸಿ ನೋಡಿದ.

"ನಿನ್ನ ತಲಿ ಯಾವಾಗ ಇಷ್ಟು ಬೆಳ್ಳಗಾತವ್ವಾ?"

"ಭಾಳ ದಿನ ಆತಪ್ಪಾ," ಎಂದೆ. ಅವನು ನನ್ನ ಮುಖವನ್ನೇ ನೋಡುತ್ತಾ ನಿಂತ. ನಾನು ತಡೆಯಲಾರದೆ ಅತ್ತುಬಿಟ್ಟೆ.