ಬೀದರಿನಲ್ಲಿ ಓದಿದವನು

ಗೆಳೆಯರೇ, ಎಂ.ಬಿ.ಎ. ಪ್ರವೇಶ ಪರೀಕ್ಷೆಯ ಅಂಕಗಳಿಂದ ನನಗೆ ಸಿಗಬೇಕಿದ್ದ ಹೈದರಾಬಾದಿನ ಸೀಟು ಇವತ್ತು ಜಹೀರಾಬಾದಿನ ತಹಸೀಲ್ ಕಚೇರಿಯಲ್ಲಿ ಹೋಯಿತು. ಸ್ಥಳೀಯನೆಂಬ ಸರ್ಟಿಫಿಕೇಟು ಬೇಕಿತ್ತು.

“ಬೀದರದಾಗ ಓದಿದಂವ ಇಲ್ಲಿ ಲೋಕಲ್ ಹ್ಯಾಂಗ ಆಗ್ತಿ, ತಮ್ಮಾ?” ಎಂದರು ಗುಮಾಸ್ತರು.

ಅಪ್ಪ ಅಂಗಲಾಚಿದರು: “ಸಾಬ್, ಮನಿ, ಹೊಲ ಎಲ್ಲಾ ಇಲ್ಲೇ ಕೊಹೀರದಾಗ ಅವರಿ. ಕನ್ನಡ ಕಲೀಲಿ ಅಂತ ನಾನೇ ಅಲ್ಲಿಗಿ ಹಾಕೀನ್ರಿ.”

“ರೂಲ್ ಓದಿದ ಊರು ನೋಡ್ತದ್ರಿ, ಹುಟ್ಟಿದ ಊರಲ್ಲ. ಕರ್ನಾಟಕದಾಗ ಕೇಳ್ರಿ.”

ಕರ್ನಾಟಕದವರು ಹೋದ ವಾರವೇ ನನ್ನನ್ನು ತೆಲಂಗಾಣದವನೆಂದು ವಾಪಸು ಕಳಿಸಿದ್ದರು.

ನಾವು ಹೊರಟಾಗ ಗುಮಾಸ್ತರು ದನಿ ತಗ್ಗಿಸಿದರು: “ನಮ್ಮ ಮನ್ಯಾಗೂ ಕನ್ನಡಾನೇ ಅದರಿ. ಮಗನ್ನ ಹಾಕಬೇಕು, ಬೀದರದಾಗ ಯಾವ ಸಾಲಿ ಛಲೋ ಅದ?”

ಅಪ್ಪ ಹೆಮ್ಮೆಯಿಂದ ನನ್ನ ಶಾಲೆಯ ಹೆಸರನ್ನೇ ಹೇಳಿದರು.

ಆ ಹುಡುಗನಿಗೂ ಒಳ್ಳೆಯ ಅಂಕಗಳೇ ಬರಲಿ.